ಕುರಿದೊಡ್ಡಿ ವಾಸನೆಯ ವೈನು

ಕಂತು ಏಳು

"ಜರಾ ಹಗೂರ ಧೊಂಡಿಬಾ. ಅದೇನ್ ಕುರಿ ಅಲ್ಲ, ಬಾಟ್ಲಿ ಅದ," ಎಂದರು ಗೋರಖನಾಥ.

ಧೊಂಡಿಬಾ ತಲೆ ಎತ್ತಲಿಲ್ಲ. ಬಿರಡೆಯ ಮೇಲೆ ತಾನೇ ಸುರಿದಿದ್ದ ಅರಗನ್ನು ಉಣ್ಣೆ ಕತ್ತರಿಸುವ ಕತ್ತರಿಯ ತುದಿಯಿಂದ ಚೂರು ಚೂರಾಗಿ ಎಬ್ಬಿಸುತ್ತಿದ್ದ. ಅವನ ಮನೆತನದಲ್ಲಿ ಕುರಿ ಬಿಟ್ಟು ಗೋರಖನಾಥರ ವೈನಿನ ಕೆಲಸ ಹಿಡಿದವನು ಅವನೊಬ್ಬನೇ. ಆದರೂ ಆ ಕತ್ತರಿ ಮಾತ್ರ ಅವನ ಸೊಂಟ ಬಿಟ್ಟಿಲ್ಲ.

ಸಂತಪುರದ ಆಚೆ, ಕೆಂಪು ಕಲ್ಲಿನಲ್ಲಿ ಕಡಿದ ತಳಘರ ಅದು. ಮೇಲೆ ಬೆಳಗಿನ ಒಂಬತ್ತರ ಬಿಸಿಲಿಗೇ ನೆತ್ತಿ ಸುಡುತ್ತಿತ್ತು, ಕೆಳಗೆ ಮಾತ್ರ ತಣ್ಣಗಿತ್ತು. ಗೋಡೆಯಲ್ಲಿ ಸಾಲಾಗಿ ಬಾಟಲಿ ಇಡುವ ಒಂಬತ್ತು ಗೂಡುಗಳು. ನಡುವೆ ಯಾವುದೋ ಶಾಲೆಯಿಂದ ತಂದ ಹಳೆಯ ಮೇಜು. ಅದರ ಸುತ್ತ ನಾವು ಐದು ಜನ.

ಹೊಸದಾಗಿ ಓದುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಹೋದ ವಾರ ಬೀದರಿನ ಸಭೆಯಲ್ಲಿ ನಾಸಿಕದಿಂದ ಬಂದ ಸುಶೀಲಕುಮಾರ ಎಂಬ ರುಚಿ ಪರೀಕ್ಷಕ ಗೋರಖನಾಥರ ಮೊಟ್ಟಮೊದಲ ವೈನನ್ನು ಮೂಸಿ, "ಇದು ಹದಿಮೂರು ವರ್ಷದ್ದಲ್ಲ, ಆರೇಳು ವರ್ಷದ್ದು, ಹಳೇದು ಅಂತ ಹೇಳಿ ಜನರನ್ನು ಮೋಸ ಮಾಡುತ್ತಿದ್ದೀರಿ" ಎಂದು ನೂರು ಜನರ ಎದುರು ಹೇಳಿದ. ಗೋರಖನಾಥ ಎದ್ದು ನಿಂತರು. ಮುಂದಿನ ವಾರ ಇದೇ ಜಾಗದಲ್ಲಿ ಅದೇ ಗೂಡಿನ ಇನ್ನೊಂದು ಬಾಟಲಿ ತೆರೆಯುತ್ತೇನೆ, ಅದು ನನ್ನ ವೈನಲ್ಲ ಎಂದಾದರೆ ಇನ್ನು ಸಾಯುವ ತನಕ ದ್ರಾಕ್ಷಿ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟುಬಿಟ್ಟರು. ಆ ದಿನ ನಾಳೆ. ಹನ್ನೊಂದು ಗಂಟೆಗೆ.

ಅದಕ್ಕೇ ಇವತ್ತು ಇಲ್ಲೇ ಒಂದು ಬಾಟಲಿ ತೆರೆದು ನೋಡೋಣ ಎಂದು ಅವರ ಮಗಳು ಮಹಾಮಾಯಾ ನನಗೆ ಫೋನು ಮಾಡಿದ್ದು. ಭಾಲ್ಕಿಯಲ್ಲಿ ನಾನು ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದೆ. ನನ್ನ ವಿದ್ಯಾರ್ಥಿಗಳಲ್ಲೆಲ್ಲ ಹೆಚ್ಚು ಪ್ರಶ್ನೆ ಕೇಳಿ ನನ್ನ ತಲೆ ತಿಂದವಳು ಇವಳೇ. ನಾನು ಕುಬರಾ, ಬೀದರಿನ ಉಸ್ಮಾನಗಂಜದ ಅತ್ತರ ಅಂಗಡಿಯವರ ಮಗಳು. ನಿವೃತ್ತಿಯಾದ ಮೇಲೆ ಊರವರ ಕಳವು, ಕಾಣೆ, ಕಿತಾಪತಿಗಳೆಲ್ಲ ಯಾಕೋ ನನ್ನ ಮನೆಯ ಬಾಗಿಲಿಗೇ ಬರುತ್ತವೆ. ವೈನು ನಾನು ಕುಡಿಯುವವಳಲ್ಲ. ಮೂಸುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ.

ಬಿರಡೆ ಪುಸಕ್ಕೆಂದು ಬಂತು. ಧೊಂಡಿಬಾ ಐದು ಗ್ಲಾಸಿಗೂ ಎರಡೆರಡು ಬೆರಳು ಸುರಿದ.

ಮಹಾಮಾಯಾಳ ಕೈ ಗ್ಲಾಸಿನ ಕಡೆ ಹೋಯಿತು.

"ಅವಸರ ಮಾಡಬ್ಯಾಡ," ಎಂದರು ಗೋರಖನಾಥ. "ಇಷ್ಟು ವರ್ಷ ಕತ್ತಲದಾಗ ಕೂತದ. ಜರಾ ಉಸಿರಾಡ್ಲಿ."

"ಉಸಿರಾಡ್ಲಿ ಬಿಡ್ರಿ. ಸ್ನಾನಾ ಮಾಡಿ, ನಾಷ್ಟಾ ಮಾಡಿ ಬರ್ಲಿ," ಎಂದಳು ಮಗಳು.

"ನೋಡಿದ್ರೇನ್ರಿ ಆಪಾ? ಈಗಿನವ್ರ ವೈನೂ ಹಿಂಗೇ. ಬಿರಡಿ ತಗದ ಕೂಡ್ಲೇ ಬಾಯಿ ಶುರು. ಹಣ್ಣು, ಹಣ್ಣು, ಹಣ್ಣು. ನಂದು ಹಂಗಲ್ಲ. ಮೊದಲ ನಿಮ್ಮನ್ನ ಮ್ಯಾಲಿಂದ ಕೆಳಗ ನೋಡ್ತದ. ಆಮ್ಯಾಲ ಮಾತಾಡ್ತದ."

"ನಿಮ್ದು ಮಾತಾಡಂಗಿಲ್ಲಪ್ಪಾ. ಮುನಿಸ್ಕೊಂಡು ಮೂಲ್ಯಾಗ ಕೂಡ್ತದ. ನಿಮ್ಮಂಗೇ."

ನಾನು ನಕ್ಕೆ. ಗೋರಖನಾಥರ ಬಾಯಲ್ಲಿ ನಾನು ಆಪಾ, ಎಂದರೆ ಅಕ್ಕ. ಈ ತಂದೆ ಮಗಳ ಜಗಳ ಕೇಳುವುದೆಂದರೆ ನನಗೆ ಬಹಳ ಇಷ್ಟ. ಗೋರಖನಾಥ ತೋಟಗಾರಿಕೆ ಇಲಾಖೆಯ ನೌಕರಿ ಬಿಟ್ಟು ಎರಡು ಸಾವಿರದ ಹನ್ನೊಂದರಲ್ಲಿ ಮೊದಲ ವೈನು ಇಳಿಸಿದವರು. ದ್ರಾಕ್ಷಿಯ ಸಿಪ್ಪೆಯ ಮೇಲೆ ಇರುವ ಯೀಸ್ಟೇ ಸಾಕು, ಬೇರೇನೂ ಹಾಕಬಾರದು, ಒಗರು ಇರಬೇಕು, ಆ ಒಗರು ತಾನಾಗಿ ಇಳಿಯುವ ತನಕ ಮನುಷ್ಯ ಕಾಯಬೇಕು ಎಂಬುದು ಅವರ ಮತ. ಮಹಾಮಾಯಾ ನಾಸಿಕದಲ್ಲಿ ಕಲಿತು ಬಂದವಳು. ಸ್ಟೀಲಿನ ಟಾಕಿ, ತಣ್ಣನೆಯ ಹುದುಗು, ಎಲ್ಲವೂ ಥರ್ಮಾಮೀಟರಿನ ಪ್ರಕಾರ.

"ನೀವೇ ಹೇಳ್ರಿ ಟೀಚರ್," ಎಂದಳು ಅವಳು. "ಅಪ್ಪನ ಮೊದಲ ವೈನಿನಾಗ ಕುರಿದೊಡ್ಡಿ ವಾಸನಿ ಬರ್ತದ. ಅದು ಗುಣ ಅಲ್ಲ, ರೋಗ. ಪೀಪಾಯಿ ಛಲೋ ತೊಳಿಲಿಲ್ಲಂದ್ರ ಕಾಡು ಯೀಸ್ಟೊಂದು ಸೇರ್ತದ, ಅದರ ವಾಸನಿ ಅದು. ನಮ್ಮ ಸಾಲ್ಯಾಗ ನನಗ ಮಾರ್ಕು ಕಡಿಮಿ ಮಾಡ್ತಿದ್ರು ಇದಕ್ಕ."

"ಕುರಿ ವಾಸನಿ ರೋಗ ಆಗಿದ್ರ ನಮ್ಮ ಮನ್ಯಾಗ ಒಬ್ರೂ ಉಳೀತಿರಲಿಲ್ಲ ತಾಯಿ," ಎಂದ ಧೊಂಡಿಬಾ. "ಆ ವರ್ಷ ಶೆಡ್ಡು ಎಲ್ಲಿತ್ತು? ನಮ್ಮಣ್ಣನ ದೊಡ್ಡಿ ಗೋಡಿಗೇ ಪೀಪಾಯಿ ಹಚ್ಚಿದ್ವಿ. ಕುರಿ ಆ ಕಡಿ, ವೈನ್ ಈ ಕಡಿ."

"ಅದಕ್ಕೇ ಅದರಾಗ ಊರು ಅದ," ಎಂದರು ಗೋರಖನಾಥ. "ನಿನ್ನ ವೈನು ಎಲ್ಲಿದು ಅಂತ ಕೇಳಿದ್ರ ಏನಂತದ? ಫ್ರಿಜ್ಜಿಂದು ಅಂತದ."

"ಸ್ವಚ್ಛ ಅದ ಅಂತದ. ದ್ರಾಕ್ಷಿ ಏನ್ ಹೇಳ್ತದೋ ಅದು ಕೇಳಬೇಕು ಜನರಿಗಿ. ಧೊಂಡಿಬಾ ಕಾಕಾನ ಕುರಿ ಏನ್ ಹೇಳ್ತಾವೋ ಅದಲ್ಲ."

ಧೊಂಡಿಬಾನೇ ಎಲ್ಲರಿಗಿಂತ ಜೋರಾಗಿ ನಕ್ಕ. ಅವನೂ ನಾನೂ ಒಂದೇ ವಯಸ್ಸಿನವರು, ಏಕವಚನದಲ್ಲೇ ಜಗಳಾಡುವವರು. ಆ ನಗು ಸುಳ್ಳಿನದಲ್ಲ ಎಂದು ನಾನು ಅಲ್ಲೇ ಮನಸ್ಸಿನಲ್ಲಿ ಬರೆದುಕೊಂಡೆ.

ನಗದೇ ಕೂತಿದ್ದವನು ಒಬ್ಬನೇ, ಅನೀಲಕುಮಾರ. ಮಹಾಮಾಯಾಳ ಗಂಡ. ಬೀದರ ಶಹರದಲ್ಲೇ ಹುಟ್ಟಿ, ಇಂಗ್ಲಿಷ್ ಶಾಲೆಯಲ್ಲೇ ಓದಿ, ಮೂರು ವರ್ಷದ ಹಿಂದೆ ಈ ಮನೆಗೆ ಅಳಿಯನಾಗಿ ಬಂದವನು. ಗಾಡಿ ಓಡಿಸುವುದು, ಹೊರಗಿನ ಓಡಾಟ ಎಲ್ಲ ಅವನದೇ. ಒಳ್ಳೆಯ ಹುಡುಗ. ಮಾವನ ಎದುರು ಮಾತ್ರ ಅವನ ಬಾಯಿಗೆ ಬೀಗ.

ಗೋರಖನಾಥ ಗ್ಲಾಸು ಎತ್ತಿದರು. ಕಣ್ಣು ಮುಚ್ಚಿ ಮೂಸಿದರು. ಒಂದು ಗುಟುಕು ಬಾಯಲ್ಲಿ ಹೊರಳಿಸಿದರು. ಆಮೇಲೆ ಮುಖವೆಲ್ಲ ಅರಳಿತು.

"ಇದೇ," ಎಂದರು. "ಕುರಿದೊಡ್ಡಿ. ಒಣ ಅಂಜೂರ. ಕಡೀಕ ಒಗರು. ಇದೇ ನನ್ನ ವೈನು. ನಾಳೆ ಆ ನಾಸಿಕದಾಂವ ಮೂಗು ತೊಳಕೊಂಡು ಬರ್ಲಿ."

ನಾನು ನನ್ನ ಗ್ಲಾಸನ್ನು ಬಿಳಿ ಕಾಗದದ ಮೇಲೆ ವಾರೆ ಮಾಡಿ ಹಿಡಿದೆ. ಹಳೆಯ ವೈನಿನ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ ಎಂದು ಮಹಾಮಾಯಾಳೇ ನನಗೆ ಕಲಿಸಿದ್ದಳು. ಇದರ ಅಂಚು ಇನ್ನೂ ನೇರಳೆ ಹಣ್ಣಿನ ಬಣ್ಣದಲ್ಲೇ ಇತ್ತು.

ಮೂಗಿನ ಹತ್ತಿರ ತಂದೆ. ಕುರಿಯೂ ಇಲ್ಲ, ದೊಡ್ಡಿಯೂ ಇಲ್ಲ. ತೆಂಗಿನೆಣ್ಣೆ, ಐಸ್‌ಕ್ರೀಮು, ಅದರ ಹಿಂದೆ ಈಗಷ್ಟೇ ಕೊಯ್ದ ಕಟ್ಟಿಗೆಯ ವಾಸನೆ. ಅತ್ತರ ಅಂಗಡಿಯಲ್ಲಿ ಬೆಳೆದ ಮೂಗಿಗೆ ಎರಡನೇ ಸಲ ಮೂಸುವ ಅಗತ್ಯವಿರಲಿಲ್ಲ. ನಾಸಿಕದವನು ಹೇಳಿದ್ದು ನಿಜವಾಗಿತ್ತು.

ಮಹಾಮಾಯಾ ಒಂದು ಗುಟುಕು ಕುಡಿದವಳೇ ಕೆಮ್ಮಿದಳು. ಮುಖದ ಬಣ್ಣ ಇಳಿಯಿತು. ಅವಳು ಗ್ಲಾಸನ್ನು ನೋಡಲಿಲ್ಲ, ತಂದೆಯನ್ನು ನೋಡಿದಳು.

ಅನೀಲಕುಮಾರ ಗ್ಲಾಸನ್ನು ಮುಟ್ಟಿರಲೇ ಇಲ್ಲ.

ನನಗೆ ಒಂದು ಸಂಶಯ ಹುಟ್ಟಿತು, ಅದನ್ನು ಪರೀಕ್ಷಿಸದೆ ಇರಲಾಗಲಿಲ್ಲ. ಚೀಲದಲ್ಲಿ ಯಾವಾಗಲೂ ಇರುವ ಕೇವಡಾ, ಎಂದರೆ ಕೇದಿಗೆಯ ಅತ್ತರಿನ ಸಣ್ಣ ಶೀಶೆಯನ್ನು ಮೇಜಿನ ಕೆಳಗೇ ಕರವಸ್ತ್ರಕ್ಕೆ ಒತ್ತಿ, "ಮೀಸಿಗಿ ಹತ್ಯಾದ, ಒರಸ್ಕೋರಿ," ಎಂದು ಗೋರಖನಾಥರಿಗೆ ಕೊಟ್ಟೆ. ಮೇಜಿನ ಆ ತುದಿಯಲ್ಲಿದ್ದ ಧೊಂಡಿಬಾ ಎರಡು ಸಲ ಸೀನಿದ.

ಗೋರಖನಾಥ ಮೀಸೆ ಒರೆಸಿಕೊಂಡರು. ವಸ್ತ್ರವನ್ನು ನೀಟಾಗಿ ಮಡಚಿ ಹಿಂದಕ್ಕೆ ಕೊಟ್ಟರು. "ಶುಕ್ರಿಯಾ ಆಪಾ," ಎಂದರು.

ಅಷ್ಟೇ. ವೈನಿನ ಮೇಜಿಗೆ ಪೌಡರ್ ಹಾಕಿಕೊಂಡು ಬಂದವರನ್ನೂ ಮೆಟ್ಟಿಲ ಮೇಲಿಂದಲೇ ವಾಪಸು ಕಳಿಸುವ ಮನುಷ್ಯ ಇವರು. ಈ ಮನುಷ್ಯನ ಮೂಗು ಹೋಗಿದೆ, ಅದನ್ನು ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದಾರೆ ಎಂದುಕೊಂಡೆ.

*

ಹೊರಗೆ ದ್ರಾಕ್ಷಿ ಚಪ್ಪರದ ನೆರಳಿಗೆ ಬಂದ ಮೇಲೆ ಮಹಾಮಾಯಾ ನನ್ನ ಕೈ ಹಿಡಿದಳು.

"ಅದು ನಂದ್ರಿ ಟೀಚರ್."

"ಏನು ನಿಂದು?"

"ಆ ವೈನು. ಹದಿನೆಂಟರಾಗ, ನಾಸಿಕದಿಂದ ಬಂದ ಮ್ಯಾಲ ನಾ ಮೊದಲ ಮಾಡಿದ್ದು. ಆವಾಗ ಅದೇ ಫ್ಯಾಶನ್ ಇತ್ತು. ಹಣ್ಣು ಬಳ್ಳಿ ಮ್ಯಾಲೇ ಬಿಟ್ಟು ಸಕ್ರಿ ಮಾಡೋದು, ಓಕ್ ಕಟ್ಟಿಗಿ ಚೂರು ಚಹಾಪುಡಿ ಕುದಿಸಿದಂಗ ಅದರಾಗ ಹಾಕಿಡೋದು. ಒಂದು ಗುಟುಕು ಕುಡದ್ರ ತೆಂಗಿನೆಣ್ಣಿ ಹಚ್ಚಿದ ತಲಿ ಮೂಸಿದಂಗ ಆಗ್ತದ. ನನಗೇ ನಾಚಿಕಿ. ಈಗ ನಾ ಹಂಗ ಮಾಡಂಗೂ ಇಲ್ಲ."

"ನಿನ್ನ ಅಪ್ಪಗ ಇದು ಗೊತ್ತದೇನು?"

"ಆವಾಗ ಒಂದು ಸಲ ಕುಡದು, ತುಟಿ ಒರಸ್ಕೊಂಡು ಎದ್ದು ಹೋಗಿದ್ರು. ಛಲೋ ಅದ ಅಂತ ಒಂದಿನಾ ನನ್ನ ಯಾವ ವೈನಿಗೂ ಅಂದವ್ರಲ್ಲ." ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಇವತ್ತ ಅಂದ್ರು ನೋಡ್ರಿ. ಇದೇ ನನ್ನ ವೈನು ಅಂದ್ರು."

ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ.

"ಅಪ್ಪನ ಮೂಗು ಹೋಗ್ಯಾದ ಏನ್ರಿ?"

ತರಗತಿಯಲ್ಲಿ ಈ ಹುಡುಗಿಯ ಯಾವ ಪ್ರಶ್ನೆಗೂ ನಾನು ಸುಳ್ಳು ಉತ್ತರ ಕೊಟ್ಟವಳಲ್ಲ. "ಹಂಗೇ ಕಾಣ್ತದ," ಎಂದೆ.

ಅವಳು ಚಪ್ಪರದ ಕಲ್ಲುಕಂಬಕ್ಕೆ ಒರಗಿ ನಿಂತಳು. "ನಾಳೆ ಅಷ್ಟು ಮಂದಿ ಮುಂದ ಇದನ್ನ ಕುಡದು ಕುರಿದೊಡ್ಡಿ ಅಂತಾರ. ಎಲ್ಲಾರೂ ನಗ್ತಾರ. ಮಾತು ಕೊಟ್ಟಾರ ಟೀಚರ್, ತಿರುಗಿ ಒಂದು ಬಳ್ಳಿನೂ ಮುಟ್ಟಂಗಿಲ್ಲ. ಬಳ್ಳಿ ಮುಟ್ಟಲಿಲ್ಲಂದ್ರ ಅಪ್ಪಾ ಇರ್ತಾರೇನ್ರಿ? ಖರೆ ಬಾಟ್ಲಿ ಒಂದರ ಹುಡುಕಿ ಕೊಡ್ರಿ. ಒಂದೇ ಒಂದು."

"ನಿನ್ನ ಆ ತೆಂಗಿನೆಣ್ಣಿ ವೈನು ಯಾವ ಗೂಡಿನಾಗ ಇತ್ತು?"

"ಒಂಬತ್ತರಾಗ. ಕಡೀ ಗೂಡು. ಹೋದ ವರ್ಷ ನಾ ನಾಸಿಕಕ್ಕ ಹೋದಾಗ, ಅದನ್ನ ಖಾಲಿ ಮಾಡ್ಸಿಬಿಡ್ರಿ ಅಂತ ಇವರಿಗಿ ಫೋನಿನ್ಯಾಗ ಹೇಳಿದ್ದೆ. ಬಂದು ನೋಡೀನಿ, ಖಾಲಿ ಆಗಿತ್ತು."

ಖಾಲಿಯಾಗಬೇಕಾದ ವೈನು ಗೋರಖನಾಥರ ಮೊದಲ ವೈನಿನ ಒಂದನೇ ಗೂಡಿನಲ್ಲಿ ಕೂತಿದೆ. ಇರಬೇಕಾದ ವೈನು ಎಲ್ಲೂ ಇಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಮತ್ತೆ ತಳಘರಕ್ಕೆ ಇಳಿದೆ.

*

ಇಲ್ಲಿಯ ಬಾಟಲಿಗಳಿಗೆ ಚೀಟಿ ಅಂಟಿಸುವ ಪದ್ಧತಿ ಇಲ್ಲ. ಎಲ್ಲದಕ್ಕೂ ಒಂದೇ ತರಹದ ಗಾಜು, ಧೊಂಡಿಬಾನದೇ ಅರಗು. ಯಾವ ವೈನು ಯಾವುದು ಎಂದು ಹೇಳುವುದು ಗೂಡಿನ ನೆತ್ತಿಗೆ ಬಡಿದಿರುವ ಕಟ್ಟಿಗೆಯ ತುಂಡು ಮಾತ್ರ. ಅದರ ಮೇಲೆ ಕಾಯಿಸಿದ ಕಬ್ಬಿಣದಿಂದ ಸುಟ್ಟು ಬರೆದ ಅಂಕಿ.

ಮೆಟ್ಟಿಲು ಇಳಿದ ಕೂಡಲೇ ಸಿಗುವ ಮೊದಲ ಗೂಡಿನ ಮುಂದೆ ನಿಂತೆ. ತುಂಡಿನ ಮೇಲೆ ಹೀಗಿತ್ತು: १

"ಧೊಂಡಿಬಾ, ಇದು ನೀನೇ ಬರದದ್ದೇನು?"

"ಮತ್ತ್ಯಾರು? ಕಮಲನಗರದ ಮರಾಠಿ ಸಾಲ್ಯಾಗ ನಾಲ್ಕನೇತ್ತಾ ತನಕ ಓದೀನಿ. ಗುರುಜಿ ಬಡದು ಕಲಿಸಿದ ಅಕ್ಷರ."

"ಏನಂತ ಓದಬೇಕು?"

"ಏಕ. ಒಂದು. ಯಾಕ, ಕಣ್ಣು ಮಂಜಾಗ್ಯಾವೇನು ನಿನಗ?"

ನನ್ನ ಹಿಂದೆಯೇ ಇಳಿದು ಬಂದಿದ್ದ ಮಹಾಮಾಯಾಳನ್ನು ಕೇಳಿದೆ. "ಒಂದು," ಎಂದಳು.

ಮೇಲಿನಿಂದ ಅನೀಲಕುಮಾರನನ್ನು ಕೂಗಿ ಕರೆದೆ. ಬಂದ. ಕಟ್ಟಿಗೆಯ ತುಂಡಿಗೆ ಬೆರಳು ತೋರಿಸಿ, "ಇದೇನ್ ಅಂಕಿ ಓದು ನೋಡೋಣ," ಎಂದೆ.

"ಒಂಬತ್ತಲ್ಲರಿ ಟೀಚರ್, ಒಂದು. ಮರಾಠಿ ಒಂದು," ಎಂದ ಅವನು, ಬಾಯಿಪಾಠ ಒಪ್ಪಿಸುವವನ ಹಾಗೆ.

ನಾನು ಸುಮ್ಮನೆ ಅವನ ಮುಖವನ್ನೇ ನೋಡಿದೆ. ಹಾಗೆ ನೋಡಿದರೆ ಎಂಥ ಹುಡುಗನಾದರೂ ಹತ್ತು ಎಣಿಸುವುದರೊಳಗೆ ನೆಲ ನೋಡುತ್ತಾನೆ. ಇವನು ನಾಲ್ಕಕ್ಕೇ ನೋಡಿದ.

"ಅನೀಲ, ಒಂಬತ್ತು ಅಂತ ನಿನಗ ಯಾರರ ಕೇಳಿದ್ರೇನಪಾ?"

"ಇಲ್ಲರಿ."

"ಮತ್ತ ಒಂಬತ್ತಿನ ಮಾತು ಯಾಕ ತಗದಿ?"

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಧೊಂಡಿಬಾ ಏಕ ಅಂದ. ಮಾಯಾ ಒಂದು ಅಂದ್ಲು. ಈ ಗಡಿ ಸೀಮ್ಯಾಗ ಬೆಳದವ್ರಿಗಿ ಅದು ಬರೇ ಒಂದು. ಇಂಗ್ಲಿಷ್ ಸಾಲಿ ಕಣ್ಣಿಗಿ ಮಾತ್ರ ಅದು ಒಂಬತ್ತು ಕಾಣ್ತದ. ಅಲ್ಲ ಅಂತ ಗೊತ್ತಾಗಬೇಕಂದ್ರ ಒಂದು ಸಲ ಮೋಸ ಹೋಗಿರಬೇಕು. ನೀ ಯಾವಾಗ ಹೋದಿ?"

"ಏನ್ರೀ ಇದು?" ಎಂದಳು ಮಹಾಮಾಯಾ. ಅವಳ ದನಿ ಮೆತ್ತಗಿತ್ತು. ಅದು ಹೆಚ್ಚು ಅಪಾಯ ಎಂದು ಅವನಿಗೂ ಗೊತ್ತಿತ್ತು.

ಅನೀಲಕುಮಾರ ಮೆಟ್ಟಿಲ ಮೇಲೆ ಕೂತ. "ಹೋದ ವರ್ಷರಿ. ಒಂಬತ್ತನೇ ಗೂಡು ಖಾಲಿ ಮಾಡ್ರಿ ಅಂತ ಈಕಿ ಫೋನ್ ಮಾಡಿದ್ಲು. ಇಳದೆ. ಮೊದಲ ಗೂಡಿನ ಮ್ಯಾಲೇ ಒಂಬತ್ತು ಕಾಣ್ತು. ಹನ್ನೆರಡೂ ಬಾಟ್ಲಿ ಗಾಡಿಗಿ ಹಾಕಿದೆ."

"ಹಾಕಿ?"

"ಭಾಲ್ಕ್ಯಾಗ ಕಾಂತಾಬಾಯಿ ಅಂತ ಇದ್ದಾರಲ್ರಿ, ಉಪ್ಪಿನಕಾಯಿ ಮಾಡೋರು. ಕೆಟ್ಟ ವೈನ್ ಇದ್ರ ಕೊಡ್ರಿ, ಸಿರ್ಕಾ, ಅದೇ ವಿನೆಗರ್, ಮಾಡ್ತೇನಿ ಅಂದಿದ್ರು. ಅವ್ರಿಗಿ ಕೊಟ್ಟು ಬಂದೆ."

"ಅಪ್ಪನ ವೈನು ಉಪ್ಪಿನಕಾಯಿಗಿ!" ಎಂದಳು ಮಹಾಮಾಯಾ.

"ನಾಕು ದಿನದ ಮ್ಯಾಲ ಧೊಂಡಿಬಾ ಕಾಕಾ ಅಂಕಿ ತೋರ್ಸಿ ಏಕ, ದೋನ ಅಂತ ಎಣಿಸ್ಲಿಕತ್ತಿದ್ರು. ಆವಾಗ ಅದು ಒಂದು ಅಂತ ತಿಳೀತು. ಕಾಂತಾಬಾಯ್ಗಿ ಫೋನ್ ಮಾಡಿದೆ. ಅವತ್ತೇ ಬರಣಿಗಿ ಸುರದೀನಿ ಅಂದ್ರು. ಕಾಕಾ ಕಮಲನಗರಕ್ಕ ಮದವಿಗಿ ಹೋದಾಗ ಒಂಬತ್ತರಾಗಿಂದು ತಗದು ಒಂದರಾಗ ಇಟ್ಟೆ. ಮಾಮಾ ಅದನ್ನ ಎಂದೂ ತಗಿಯಂಗಿಲ್ಲ ಅಂತಿದ್ರಲ್ಲ. ಬೀದರ ಸಭಾ ಬರ್ತದ ಅಂತ ನನಗೇನ್ ಕನಸು ಬಿದ್ದಿತ್ತೇನ್ರಿ?"

"ಒಂದು ವರ್ಷ! ಒಂದು ವರ್ಷ ನನ್ನ ಬಾಜೂಕ ಕೂತು ಉಂಡೀರಿ, ಒಂದು ಮಾತು ಹೇಳಲಿಲ್ಲ?"

"ಹೆಂಗ ಹೇಳ್ಲಿ? ನಮ್ಮಪ್ಪ ನಾ ಸಣ್ಣಾಂವ ಇದ್ದಾಗೇ ಹೋದ. ನನ್ನ ಹೆಗಲ ಮ್ಯಾಲ ಕೈ ಹಾಕಿ ಮಗನ ಅಂದವ್ರು ಮಾಮಾ ಒಬ್ರೇ. ಆ ಕೈ ತಗೀತಾರ ಅಂತ ಅಂಜಿಕಿ ಆಯ್ತು." ಅವನು ಮುಖ ಮುಚ್ಚಿಕೊಂಡ.

ಧೊಂಡಿಬಾ ತನ್ನದೇ ಅಂಕಿಯನ್ನು ಮೊದಲ ಸಲ ನೋಡುವವನ ಹಾಗೆ ನೋಡುತ್ತ, "ಗುರುಜಿ ಇನ್ನೊಂದೆರಡು ಏಟು ಬಡದು ಕನ್ನಡ ಅಂಕಿನೂ ಕಲಿಸಬೇಕಿತ್ತು," ಎಂದು ಗೊಣಗಿದ.

ನನಗೆ ಈ ಹುಡುಗನ ಮೇಲೆ ಸಿಟ್ಟು ಬರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಪತ್ತೇದಾರಿಕೆ ಮಾಡುವವರಿಗೆ ಇದು ಒಳ್ಳೆಯ ಗುಣವಲ್ಲ, ಗೊತ್ತು.

"ಹನ್ನೆರಡೂ ಸುರದಾಳ ಅಂತ ನೀ ಕಣ್ಣಿಲೆ ನೋಡೀಯೇನು?" ಎಂದೆ.

"ಇಲ್ಲರಿ. ಫೋನಿನ್ಯಾಗ ಕೇಳೀನಿ."

"ಏಳು. ಗಾಡಿ ತಗಿ."

ಗೋರಖನಾಥ ಚಪ್ಪರದ ಕೆಳಗೆ ಬಳ್ಳಿ ಸವರುತ್ತಿದ್ದರು. ಗಾಡಿಯ ಸದ್ದಿಗೆ ತಿರುಗಿ, "ಎಲ್ಲಿಗಿ ಸವಾರಿ?" ಎಂದರು.

"ಭಾಲ್ಕಿಗಪ್ಪಾ. ಟೀಚರ್ ಗೆಳತಿನ್ನ ನೋಡಿ ಬರ್ತೇವಿ," ಎಂದಳು ಮಗಳು.

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. "ಬಿಸಿಲದ. ನೀರು ಒಯ್ರಿ ಆಪಾ," ಎಂದು ಮತ್ತೆ ಬಳ್ಳಿಯ ಕಡೆ ತಿರುಗಿದರು.

*

ದಾರಿಯುದ್ದಕ್ಕೂ ಗಂಡ ಹೆಂಡತಿ ಮಾತಾಡಲಿಲ್ಲ. ಭಾಲ್ಕಿ ಕಾಣುವ ಹೊತ್ತಿಗೆ ಮಹಾಮಾಯಾ ನೀರಿನ ಬಾಟಲಿಯನ್ನು ಅವನ ಕಡೆ ಚಾಚಿದಳು. ಅವನು ಒಂದು ಕೈಯಲ್ಲೇ ಗಾಡಿ ನಡೆಸುತ್ತ ಅರ್ಧ ಬಾಟಲಿ ಕುಡಿದ. ಹಿಂದೆ ಕೂತ ನಾನು ಕಿಟಕಿಯ ಹೊರಗೆ ನೋಡಿದೆ.

ಕಾಂತಾಬಾಯಿಯ ಮನೆ ರೈಲು ಸ್ಟೇಷನ್ನಿನ ಹಿಂದೆ. ಪಡಸಾಲೆಯ ತುಂಬ ಬರಣಿಗಳು, ಒಂದೊಂದರ ಬಾಯಿಗೂ ಬಿಳಿ ಬಟ್ಟೆ. ಅವರು ಮೊಣಕಾಲು ಹಿಡಿದುಕೊಂಡೇ ಎದ್ದು ಬಂದರು.

"ಹನ್ನೆರಡು ಬಾಟ್ಲಿನಾ? ಹನ್ನೊಂದು ಸುರದೀನಿ ಅವ್ವಾ. ಸಿರ್ಕಾ ಎಂಥದು ಆಗ್ಯಾದ ಅಂತೀ! ಒಂದು ತಗದು ಇಟ್ಟಿದ್ದೆ."

ಮಹಾಮಾಯಾ ಅವರ ಎರಡೂ ಕೈ ಹಿಡಿದಳು. "ಒಂದು ಇಟ್ಟೀರಿ? ಯಾಕ್ರಿ?"

"ಮೊಣಕಾಲಿಗಿ ಹಚ್ಚಾಕ. ದಾರೂ ಹಚ್ಚಿದ್ರ ನೋವು ಇಳೀತದ ಅಂದ್ರು ಯಾರೋ."

ಮಹಾಮಾಯಾ ಆ ಮುದುಕಿಯನ್ನು ತಬ್ಬಿಕೊಂಡೇಬಿಟ್ಟಳು. ಅನೀಲಕುಮಾರ ಹೊಸ್ತಿಲಲ್ಲೇ ಕೂತು ಎರಡೂ ಕೈ ಮುಗಿದ. ನಾಳೆ ಹನ್ನೊಂದಕ್ಕೆ ಇನ್ನೂ ಇಡೀ ಒಂದು ದಿನ ಇತ್ತು.

"ತರ್ರಿ ಕಾಂತಾಬಾಯಿ. ಎಲ್ಲದ?" ಎಂದೆ.

"ಈಗೆಲ್ಲಿ? ಒಯ್ದರಲ್ಲ."

"ಯಾರು?"

"ಈಕಿ ಅಪ್ಪ. ಗೋರಖನಾಥ ಸಾಹೇಬ್ರು. ಮೂರು ದಿನಾ ಆತು."

ಅನೀಲಕುಮಾರ ಹೊಸ್ತಿಲಿನಿಂದ ಎದ್ದು ನಿಂತ.

"ಬಸ್ಸಿಗೇ ಬಂದಿದ್ರು. ಅಳಿಯ ಕೊಟ್ಟ ಬಾಟ್ಲಿ ಉಳದಾವೇನು ಅಂತ ಕೇಳಿದ್ರು, ಹೆಂಗ ಗೊತ್ತಾತೋ ಏನೋ. ಇಲ್ಲೇ ಈ ಹಲಗಿ ಮ್ಯಾಲ ಕೂತು, ಅರಗು ಉಗುರಿಲೆ ಕೆತ್ತಿ, ಬಿರಡಿ ತಗದು ಮೂಗಿಗಿ ಹಿಡದ್ರು. ಹಿಡದವ್ರು ತಗೀಲೇ ಇಲ್ಲ. ಕುರಿದೊಡ್ಡಿ, ಕುರಿದೊಡ್ಡಿ ಅಂತ ಒಬ್ರೇ ನಕ್ರು. ಕಣ್ಣಾಗ ನೀರು. ನನಗ ಅಂಜಿಕಿನೇ ಆಯ್ತು."

"ಖರೆನೇ ಮೂಸಿದ್ರೇನ್ರಿ? ಅವರ ಮೂಗು..." ಎಂದಳು ಮಹಾಮಾಯಾ.

"ಅಯ್ಯ, ಅದೆಂಥ ಮೂಗು! ಬಾಗಿಲಾಗ ನಿಂತೇ ಹೇಳಿದ್ರು, ಮೂರನೇ ಬರಣಿಗಿ ಮೆಂತ್ಯ ಹೆಚ್ಚಾಗ್ಯಾದ ಅಂತ. ಬಟ್ಟಿ ಬಿಚ್ಚಿ ನೋಡಿದ್ರ ಖರೆನೇ ಹೆಚ್ಚಾಗಿತ್ತು."

ನನ್ನ ಕಿವಿ ಬಿಸಿಯಾಯಿತು. ಮೂರನೇ ಬರಣಿಯ ಮೆಂತ್ಯ ಗೊತ್ತಾದ ಮೂಗಿಗೆ ಅಂಗೈಯಲ್ಲಿ ಹಿಡಿದ ಕೇವಡಾ ಗೊತ್ತಾಗದೆ ಇರುತ್ತದೆಯೇ? ಕರವಸ್ತ್ರ ಕೊಟ್ಟು ಅವರನ್ನು ಪರೀಕ್ಷಿಸಿದೆ ಎಂದು ಬೀಗಿದ್ದೆ. ಅವರು ಅದನ್ನು ಮಡಚಿ ವಾಪಸು ಕೊಟ್ಟು, ಶುಕ್ರಿಯಾ ಎಂದು, ನನ್ನನ್ನೇ ದಡ್ಡಿ ಮಾಡಿದ್ದರು. ಅಂದರೆ ಬೆಳಿಗ್ಗೆ ತಾವು ಕುಡಿಯುತ್ತಿರುವುದು ಮಗಳ ವೈನು ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ತನ್ನದು ಎಂದರು. ನಾಳೆ ನೂರು ಜನರ ಎದುರು ಅದನ್ನೇ ಹೇಳಲು ಹೊರಟಿದ್ದಾರೆ.

"ಗೊತ್ತಿದ್ದೂ ಯಾಕ್ರಿ?" ಎಂದು ಮಹಾಮಾಯಾ ಗಂಡನನ್ನು ಕೇಳಿದಳು. ಅವನಿಗೇನು ಗೊತ್ತು?

ಕಾಂತಾಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಕುಬರಾ ಟೀಚರ್ ಏನ್ರಿ? ಬೀದರದವ್ರು?"

"ಹೌದು."

"ಹಂಗಾದ್ರ ಇದು ನಿಮ್ದು. ಬಂದೇ ಬರ್ತಾರ, ಅವ್ರ ಕೈಯಾಗೇ ಕೊಡು ಅಂದಾರ." ಸೆರಗಿನ ಗಂಟು ಬಿಚ್ಚಿ ನಾಲ್ಕು ಮಡಿಕೆಯ ಚೀಟಿಯೊಂದನ್ನು ನನ್ನ ಅಂಗೈಗೆ ಒತ್ತಿದರು.

ಬೆಳಕಿಗೆ ತಿರುಗಿ ಓದಿದೆ. ಗೋರಖನಾಥರದೇ ಅಕ್ಷರ, ಮೂರೇ ಸಾಲು.

"ಆಪಾ, ಇಲ್ಲಿತನಕ ಬಂದ್ರಿ ಅಂದ್ರ ಎಲ್ಲಾ ತಿಳಕೊಂಡೀರಿ. ಬೀದರದಾಗ ನಾ ಸೋಲಲೇಬೇಕು, ನಡುವ ಬರಬ್ಯಾಡ್ರಿ. ಮಗಳಿಗಿ ಮಾತ್ರ ಹೇಳಬ್ಯಾಡ್ರಿ."

ಎರಡು ಸಲ ಓದಿದೆ. ಚೀಟಿ ಮಡಚಿದೆ.

"ಅಪ್ಪಾ ಏನ್ ಬರದಾರ್ರಿ?" ಮಹಾಮಾಯಾ ನನ್ನ ಪಕ್ಕದಲ್ಲೇ ನಿಂತಿದ್ದಳು.

"ಏನಿಲ್ಲ," ಎಂದೆ. "ಉಪ್ಪಿನಕಾಯಿ ತರಾಕ ಹೇಳ್ಯಾರ."

ಅವಳು ನನ್ನ ಮುಖವನ್ನೇ ನೋಡಿದಳು. ಈ ಸಲ ನೆಲ ನೋಡಿದವಳು ನಾನು.

"ನಿಮಗ ಸುಳ್ಳು ಹೇಳಾಕ ಬರಂಗಿಲ್ಲ ಟೀಚರ್," ಎಂದು ಅವಳು ಕೈ ಚಾಚಿದಳು. "ಕೊಡ್ರಿ ಅದು."